ಭಾಗಾಕಾರದಲ್ಲಿ ಉಳಿದ ಶೇಷ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಕೆಲಸದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು ಎಂದು ಸಮಿತಿಯವರು ಫೋನ್ ಮಾಡಿ ಹೇಳಿದರು. ನಮ್ಮಲ್ಲಿ ಒಬ್ಬರು ಪೊಲೀಸ್ ಇಲಾಖೆಯಲ್ಲಿದ್ದಾರೆ, ಒಬ್ಬರು ಪಶುವೈದ್ಯರಿದ್ದಾರೆ, ಇಬ್ಬರು ಸೈನ್ಯದಿಂದ ರಜೆ ಹಾಕಿ ಬಂದಿದ್ದಾರೆ. ಅವರ ಕೆಲಸ ಎಲ್ಲರಿಗೂ ಗೊತ್ತು. ನನ್ನ ಕೆಲಸ ಏನು ಅಂತ ನಮ್ಮ ಅವ್ವನಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. "ಕಂಪ್ಯೂಟರ್ ಮುಂದ ಕುಂತಿರ್ತಾನ" ಅಂತ ಬೀಗರಿಗೆ ಹೇಳುತ್ತಾಳೆ. ಅದು ಸುಳ್ಳೇನಲ್ಲ.

ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ವೆಬ್‌ಸೈಟುಗಳ ಪ್ರೋಗ್ರಾಂ ಬರೆಯುತ್ತೇನೆ. ಅದರಲ್ಲಿ ದಿನಾಲೂ ಬಳಸುವ ಒಂದೇ ಒಂದು ಲೆಕ್ಕದ ಬಗ್ಗೆ ಇವತ್ತು ಹೇಳುತ್ತೇನೆ. ಅದನ್ನು ನಾನು ಕಾಲೇಜಿನಲ್ಲಿ ಕಲಿತದ್ದಲ್ಲ, ಇದೇ ಶಾಲೆಯ ಎಂಟನೆಯ ತರಗತಿಯ ಕೋಣೆಯಲ್ಲಿ, ಕೈಯಲ್ಲಿ ಕಸಬರಿಗೆ ಹಿಡಿದುಕೊಂಡು ಕಲಿತೆ.

ನನ್ನ ವಾರಿಗೆಯವರಿಗೆ ನೆನಪಿರಬೇಕು. ಆಗ ಕೋಣೆಯ ಕಸ ಹೊಡೆಯುವುದಕ್ಕೆ ಪಾಳಿ ಇತ್ತು. ಯಾರದು ಯಾವ ದಿನ ಎಂಬ ಜಗಳ ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಶುರುವಾಗುತ್ತಿತ್ತು. ನಮ್ಮ ಗಣಿತದ ಗುರುಗಳು ಒಂದು ದಿನ ಬಂದು ಹಲಗೆಯ ಮೇಲೆ ಬರೆದರು: ನಿಮ್ಮ ಹಾಜರಿ ನಂಬರನ್ನು ಆರರಿಂದ ಭಾಗಿಸಿರಿ. ಶೇಷ ಒಂದು ಬಂದರೆ ಸೋಮವಾರ, ಎರಡು ಬಂದರೆ ಮಂಗಳವಾರ, ಮೂರು ಬುಧವಾರ. ನನ್ನ ನಂಬರು 23. ಆರು ಮೂರಲೇ ಹದಿನೆಂಟು, ಶೇಷ ಐದು. ಶುಕ್ರವಾರ ನನ್ನ ಪಾಳಿ. ಜಗಳ ಒಂದೇ ನಿಮಿಷದಲ್ಲಿ ಮುಗಿಯಿತು.

ಮುಗಿಯಿತು ಅಂದುಕೊಂಡೆವು. 24ನೆಯ ನಂಬರಿನವನು ಎದ್ದು ನಿಂತ. ಅವನು ಇಲ್ಲೇ ಎರಡನೆಯ ಸಾಲಿನಲ್ಲಿ ಕುಳಿತು ನಗುತ್ತಿದ್ದಾನೆ, ಹೆಸರು ಹೇಳುವುದಿಲ್ಲ. "ಸರ್, ನಂದು ನಿಶ್ಶೇಷ ಭಾಗ ಹೋಗ್ತೈತ್ರಿ. ಶೇಷ ಸೊನ್ನಿ ಬರ್ತೈತಿ. ಅಂದ್ರ ನನಗ ಪಾಳಿನ ಇಲ್ರಿ" ಅಂದ. ಇಡೀ ತರಗತಿ ನಕ್ಕಿತು. ಗುರುಗಳೂ ನಕ್ಕರು. ಆಮೇಲೆ ಹೇಳಿದರು: "ಸೊನ್ನಿ ಅಂದ್ರ ಏನೂ ಇಲ್ಲ ಅಂತ ತಿಳೀಬ್ಯಾಡ. ಒಂದ್ ಸುತ್ತ ಪೂರಾ ಆತು ಅಂತ ತಿಳಿ. ಸುತ್ತ ಮುಗಿಯೂದು ಶನಿವಾರ. ಶನಿವಾರ ನಿಂದ." ಶನಿವಾರ ಮುಂಜಾನೆಯ ಶಾಲೆ. ಹೊತ್ತು ಹುಟ್ಟುವ ಮೊದಲೇ ಕಸಬರಿಗೆ ಹಿಡಿಯಬೇಕು. ಜಾಣತನ ಮಾಡಲು ಹೋಗಿ ಅವನು ವರ್ಷಪೂರ್ತಿ ಅದನ್ನು ಅನುಭವಿಸಿದ.

ಮುಂದೆ ಬಿ.ಇ. ಓದಲು ಹುಬ್ಬಳ್ಳಿಗೆ ಹೋದೆ. ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗ್ ಪಾಠ. ಎಲ್ಲಾ ಇಂಗ್ಲಿಷಿನಲ್ಲಿ. 'ಮಾಡ್ಯುಲೋ ಆಪರೇಟರ್' ಎಂದು ಹೇಳಿ ಹಲಗೆಯ ಮೇಲೆ ಶೇಕಡಾ ಚಿಹ್ನೆ ಬರೆದರು. ಕನ್ನಡ ಮಾಧ್ಯಮದಿಂದ ಹೋದ ನಾನು ಹೆದರಿಬಿಟ್ಟೆ. ಶೇಕಡಾ ಅಂದರೆ ಬಡ್ಡಿ ಲೆಕ್ಕ, ಇಲ್ಲಿ ಅದಕ್ಕೇನು ಕೆಲಸ ಅಂತ ತಿಳಿಯಲಿಲ್ಲ. ಎರಡು ದಿನ ಪುಸ್ತಕ ತಿರುವಿ ಹಾಕಿದ ಮೇಲೆ ಗೊತ್ತಾಯಿತು: 23 % 6 ಅಂತ ಬರೆದರೆ ಕಂಪ್ಯೂಟರ್ 5 ಎಂದು ಉತ್ತರ ಕೊಡುತ್ತದೆ. ಅಷ್ಟೇ. ಅದು ನಮ್ಮ ಕಸಬರಿಗೆಯ ಲೆಕ್ಕ! ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಜೋರಾಗಿ ನಕ್ಕದ್ದು ಇನ್ನೂ ನೆನಪಿದೆ. ಮಕ್ಕಳೆ, ನೀವು ಮುಂದೆ ಎಲ್ಲಿಗಾದರೂ ಹೋಗಿ, ಹೆದರಿಸುವ ಇಂಗ್ಲಿಷ್ ಹೆಸರಿನ ಹಿಂದೆ ಎಷ್ಟೋ ಸಲ ನಿಮಗೆ ಗೊತ್ತಿರುವ ವಿಷಯವೇ ಕುಳಿತಿರುತ್ತದೆ.

ಈ ಶೇಷದಿಂದ ಕಂಪ್ಯೂಟರಿನಲ್ಲಿ ಏನು ಉಪಯೋಗ? ಎಣಿಕೆ ಮುಗಿಯುವುದಿಲ್ಲ, ಆದರೆ ಪಟ್ಟಿ ಮುಗಿಯುತ್ತದೆ. ಅಲ್ಲೆಲ್ಲ ಶೇಷ ಬೇಕು. ವಾರದ ಹೆಸರು ಏಳೇ, ದಿನಗಳು ಲೆಕ್ಕವಿಲ್ಲದಷ್ಟು. ಗಡಿಯಾರದ ಮುಖದ ಮೇಲೆ ಹನ್ನೆರಡೇ ಅಂಕಿ, ತಾಸುಗಳು ಮುಗಿಯುವುದಿಲ್ಲ. ನಮ್ಮ ಹೊಲದ ಉದಾಹರಣೆ ತೆಗೆದುಕೊಳ್ಳೋಣ. ಹಿಂಗಾರಿ ಜೋಳದಲ್ಲಿ ಕುಸುಬಿ ಅಕ್ಕಡಿ ಹಾಕುತ್ತಾರಲ್ಲ, ಇಷ್ಟು ಸಾಲು ಜೋಳ, ಆಮೇಲೆ ಒಂದು ಸಾಲು ಕುಸುಬಿ, ಮತ್ತೆ ಅಷ್ಟೇ ಸಾಲು ಜೋಳ. ಬಿತ್ತುವವರು ಸಾವಿರ ಸಾಲು ಎಣಿಸುವುದಿಲ್ಲ. ಐದು ಜೋಳ, ಆರನೆಯದು ಅಕ್ಕಡಿ, ಮತ್ತೆ ಒಂದರಿಂದ ಎಣಿಕೆ. ವೆಬ್ ಪುಟದಲ್ಲಿ ಉದ್ದನೆಯ ಪಟ್ಟಿ ಇದ್ದಾಗ ಕಣ್ಣು ತಪ್ಪಬಾರದು ಅಂತ ಒಂದು ಸಾಲು ಬಿಳಿ, ಒಂದು ಸಾಲು ತಿಳಿ ಬೂದು ಮಾಡಿರುತ್ತೇವೆ. ಸಾಲಿನ ನಂಬರನ್ನು ಎರಡರಿಂದ ಭಾಗಿಸಿ ಶೇಷ ಸೊನ್ನೆ ಬಂದರೆ ಒಂದು ಬಣ್ಣ, ಒಂದು ಬಂದರೆ ಇನ್ನೊಂದು. ಪಟ್ಟಿಯಲ್ಲಿ ಹತ್ತು ಹೆಸರಿರಲಿ, ಹತ್ತು ಸಾವಿರ ಇರಲಿ, ಬರೆಯುವ ನಿಯಮ ಒಂದೇ. ಅದು ನಮ್ಮ ಅಕ್ಕಡಿ ಸಾಲು. ನವಲಗುಂದದ ಜಮಖಾನೆ ನೇಯುವ ತಾಯಂದಿರೂ ಹೀಗೆಯೇ ಎಳೆ ಎಣಿಸಿ ಬಣ್ಣ ಬದಲಿಸುತ್ತಾರೆ. ಎಣಿಕೆ ತಪ್ಪಿದರೆ ಚಿತ್ತಾರ ಕೆಡುತ್ತದೆ.

ಇನ್ನು ವಾರದ ಲೆಕ್ಕ. ವರ್ಷಕ್ಕೆ 365 ದಿನ. ಏಳರಿಂದ ಭಾಗಿಸಿದರೆ 52 ವಾರ ಹೋಗಿ ಶೇಷ ಒಂದು. ಆದ್ದರಿಂದಲೇ ನಿಮ್ಮ ಹುಟ್ಟಿದ ಹಬ್ಬ ಈ ವರ್ಷ ಸೋಮವಾರ ಬಂದರೆ ಮುಂದಿನ ವರ್ಷ ಮಂಗಳವಾರ. ನಡುವೆ ಫೆಬ್ರುವರಿ 29 ಬಂದರೆ ಇನ್ನೊಂದು ದಿನ ಜಿಗಿಯುತ್ತದೆ. ಇದಿಷ್ಟು ಗೊತ್ತಿದ್ದರೆ ಒಂದು ಸೊಗಸಾದ ಲೆಕ್ಕ ಮಾಡಬಹುದು. ನಮ್ಮ ರಾಜ್ಯ ಏಕೀಕರಣವಾದದ್ದು 1956ರ ನವೆಂಬರ್ 1, ಗುರುವಾರ. ಅದಕ್ಕೆ 'ಕರ್ನಾಟಕ' ಎಂದು ಹೆಸರು ಬಂದದ್ದು 1973ರ ನವೆಂಬರ್ 1. ಅದು ಯಾವ ವಾರ? ನಡುವೆ 17 ವರ್ಷ, ಹದಿನೇಳು ದಿನ ಮುಂದೆ. ಅಷ್ಟರಲ್ಲಿ 1960, 1964, 1968, 1972 ಎಂದು ನಾಲ್ಕು ಅಧಿಕ ವರ್ಷಗಳು, ಇನ್ನೂ ನಾಲ್ಕು ದಿನ. ಒಟ್ಟು 21. ಏಳರಿಂದ ಭಾಗಿಸಿದರೆ ಶೇಷ ಸೊನ್ನೆ. ಸೊನ್ನೆ ಅಂದರೆ ಸುತ್ತು ಪೂರಾ ಆಯಿತು. ಅದೂ ಗುರುವಾರವೇ. ಹೆಸರಿಡುವ ದಿನ ಹುಟ್ಟಿದ ವಾರಕ್ಕೇ ಬಂದು ನಿಂತಿತು.

ನಮ್ಮ ಹಿರಿಯರು ಇದಕ್ಕಿಂತ ದೊಡ್ಡ ಸುತ್ತನ್ನು ಬಳಸುತ್ತಿದ್ದರು. ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದುವಾಗ ಇಂಥ ನಾಮ ಸಂವತ್ಸರ ಅನ್ನುತ್ತಾರಲ್ಲ, ಆ ಹೆಸರುಗಳು ಅರವತ್ತು. ಪ್ರಭವದಿಂದ ಶುರುವಾಗಿ ಅಕ್ಷಯದಲ್ಲಿ ಮುಗಿದು ಮತ್ತೆ ಪ್ರಭವ. ಯಾವ ಇಸವಿಗೆ ಯಾವ ಸಂವತ್ಸರ ಎಂದು ತಿಳಿಯಲು ಪಂಚಾಂಗ ಬೇಕಿಲ್ಲ. ಇಸವಿಯಲ್ಲಿ ಆರು ಕಳೆಯಿರಿ, ಅರವತ್ತರಿಂದ ಭಾಗಿಸಿರಿ, ಶೇಷ ನೋಡಿರಿ. 2025ರಲ್ಲಿ ಆರು ಕಳೆದರೆ 2019. ಅರವತ್ತು ಮೂವತ್ತಮೂರಲೇ 1980 ಕಳೆದರೆ 39. ಪಟ್ಟಿಯಲ್ಲಿ 39ನೆಯ ಹೆಸರು ವಿಶ್ವಾವಸು. ಆ ವರ್ಷದ ಯುಗಾದಿಯಿಂದ ನಡೆದದ್ದು ಅದೇ ಸಂವತ್ಸರ. ನಾನು ಹುಟ್ಟಿದ್ದು 1990ರ ನವೆಂಬರ್, ಶೇಷ 4, ಪ್ರಮೋದೂತ. ಜನವರಿಯಿಂದ ಯುಗಾದಿಯ ಒಳಗೆ ಹುಟ್ಟಿದವರು ಒಂದು ಕಡಿಮೆ ಮಾಡಿಕೊಳ್ಳಬೇಕು, ಯಾಕೆಂದರೆ ಹೊಸ ಸಂವತ್ಸರ ಶುರುವಾಗುವುದು ಯುಗಾದಿಗೆ. ಶಕ ವರ್ಷ ಗೊತ್ತಿದ್ದರೆ ಹನ್ನೆರಡು ಕೂಡಿಸಿ ಅರವತ್ತರಿಂದ ಭಾಗಿಸಿದರೂ ಅದೇ ಶೇಷ ಬರುತ್ತದೆ. ಶೇಷ ಸೊನ್ನೆ ಬಂದರೆ ಏನು? ಕಸಬರಿಗೆಯ ಗೆಳೆಯನನ್ನು ನೆನೆಯಿರಿ. ಸುತ್ತು ಮುಗಿದಿದೆ, ಅರವತ್ತನೆಯ ಹೆಸರು, ಅಕ್ಷಯ.

ಈ ಲೆಕ್ಕಕ್ಕೆ ನಮ್ಮ ಸೀಮೆಯದೇ ಒಂದು ಉದಾಹರಣೆ ಇದೆ. ಆದಿಕವಿ ಪಂಪನಿಗೂ ಅಣ್ಣಿಗೇರಿಗೂ ಇರುವ ಸಂಬಂಧ ನಮಗೆಲ್ಲ ಹೆಮ್ಮೆಯ ವಿಷಯ. ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಇಂದಿನ ತೆಲಂಗಾಣದ ಕುರಿಕ್ಯಾಲದಲ್ಲಿದೆ. ಅವರ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ತಿಳಿದುಬರುವುದು ಆ ಶಾಸನದಿಂದ. ಜೋಯಿಸ ಎಂದರೆ ತಿಥಿ, ವಾರ, ಸಂವತ್ಸರದ ಲೆಕ್ಕ ಹಾಕುವವನು. ಸಾವಿರ ವರ್ಷಕ್ಕೂ ಹಿಂದೆ ನಮ್ಮ ಅಣ್ಣಿಗೇರಿಯಲ್ಲಿ ಕುಳಿತು ಶೇಷದ ಲೆಕ್ಕ ಹಾಕುತ್ತಿದ್ದವರ ಮನೆತನದ ಹೆಣ್ಣುಮಗಳು ಆದಿಕವಿಯ ತಾಯಿ.

ಪಂಪ ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನೆಂದು ಹೇಳಿಕೊಂಡಿದ್ದಾನೆ. ಶಕ ವರ್ಷ ಹೇಳಿಲ್ಲ. ದುಂದುಭಿ ಪಟ್ಟಿಯಲ್ಲಿ 56ನೆಯದು. ಅದು 842ರಲ್ಲೂ ಬಂದಿತ್ತು, 902ರಲ್ಲೂ ಬಂತು, 962ರಲ್ಲೂ ಬಂತು. ಬರೀ ದುಂದುಭಿ ಎಂದರೆ ಯಾವುದು ಅಂತ ಹೇಳಲಾಗದು. ಶೇಷದ ದೊಡ್ಡ ಕೊರತೆ ಇದೇ. ಸುತ್ತಿನಲ್ಲಿ ನಾವು ಎಲ್ಲಿದ್ದೇವೆ ಎಂದು ಅದು ಹೇಳುತ್ತದೆ, ಎಷ್ಟನೆಯ ಸುತ್ತು ಎಂಬುದನ್ನು ಮರೆತುಬಿಡುತ್ತದೆ. ಆದರೆ ಪಂಪ ಆದಿಪುರಾಣ ಮುಗಿಸಿದ ಕಾಲವನ್ನು ಶಕ 863, ಪ್ಲವ ಸಂವತ್ಸರ ಎಂದು ಎರಡನ್ನೂ ಕೊಟ್ಟಿದ್ದಾನೆ. 863ಕ್ಕೆ 12 ಕೂಡಿಸಿದರೆ 875, ಅರವತ್ತರಿಂದ ಭಾಗಿಸಿದರೆ ಶೇಷ 35. ಪಟ್ಟಿಯಲ್ಲಿ 35ನೆಯದು ಪ್ಲವವೇ! ಲೆಕ್ಕ ತಾಳೆಯಾಯಿತು. ಶಕ 863 ಎಂದರೆ ಕ್ರಿ.ಶ. 941. ಹುಟ್ಟಿದ್ದು 842 ಎಂದರೆ ಆಗ ಅವನಿಗೆ 99 ವರ್ಷ, ನಂಬುವ ಮಾತಲ್ಲ. 962 ಎಂದರೆ ಕಾವ್ಯ ಬರೆದು ಮುಗಿಸಿದ ಮೇಲೆ ಹುಟ್ಟಬೇಕಾಗುತ್ತದೆ. ಉಳಿದದ್ದು 902 ಒಂದೇ. ಮೂವತ್ತೊಂಬತ್ತರ ಹರೆಯದಲ್ಲಿ ಆದಿಪುರಾಣ ಮುಗಿಯಿತು. ನಮ್ಮ ಪಠ್ಯಪುಸ್ತಕದಲ್ಲಿ ಪಂಪನ ಹೆಸರಿನ ಮುಂದೆ '902' ಎಂದು ಇರುತ್ತದಲ್ಲ, ಅದರ ಹಿಂದೆ ಇರುವುದು ಈ ಶೇಷ.

ಶಾಸನ ಬರೆಸುವವರು ಶಕ ವರ್ಷದ ಜೊತೆಗೆ ಸಂವತ್ಸರ, ತಿಥಿ, ವಾರ ಎಲ್ಲವನ್ನೂ ಯಾಕೆ ಬರೆಸುತ್ತಿದ್ದರು ಎಂದು ಚಿಕ್ಕವನಿದ್ದಾಗ ಅನಿಸುತ್ತಿತ್ತು. ಈಗ ತಿಳಿಯುತ್ತದೆ. ಕಲ್ಲಿನ ಮೇಲೆ ಒಂದು ಅಂಕಿ ಸವೆದು ಹೋದರೂ ಇನ್ನೊಂದು ಸುತ್ತಿನ ಹೆಸರು ಅದನ್ನು ಹಿಡಿದುಕೊಡುತ್ತದೆ. ಕಂಪ್ಯೂಟರಿನಲ್ಲಿ ಮಾಹಿತಿ ಕಳಿಸುವಾಗ ನಾವೂ ಇದನ್ನೇ ಮಾಡುತ್ತೇವೆ. ಮಾಹಿತಿಯ ಜೊತೆಗೆ ಅದರ ಶೇಷವನ್ನೂ ಕಳಿಸಿ, ಆ ಕಡೆ ತಾಳೆ ನೋಡುತ್ತೇವೆ.

ಮುಂದಕ್ಕೆ ಎಣಿಸುವಾಗ ಎಲ್ಲ ಸುಲಭ. ಹಿಂದಕ್ಕೆ ಎಣಿಸುವಾಗ ಕಾಲು ಜಾರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸೀರೆ ಅಂಗಡಿಯ ವೆಬ್‌ಸೈಟ್ ಮಾಡಿದ್ದೆ. ಏಳು ಸೀರೆಗಳ ಚಿತ್ರ ಒಂದಾದ ಮೇಲೊಂದು ಬರಬೇಕು, ಏಳಾದ ಮೇಲೆ ಮತ್ತೆ ಮೊದಲನೆಯದು. ಕಂಪ್ಯೂಟರ್ ಪಟ್ಟಿಯನ್ನು ಸೊನ್ನೆಯಿಂದ ಎಣಿಸುತ್ತದೆ: ಮೊದಲ ಸೀರೆ 0, ಕೊನೆಯದು 6. ಮುಂದಿನ ಬಾಣ ಒತ್ತಿದರೆ ಒಂದು ಕೂಡಿಸಿ ಏಳರ ಶೇಷ ತೆಗೆಯುವುದು. 6ಕ್ಕೆ 1 ಕೂಡಿಸಿದರೆ 7, ಶೇಷ 0, ಮತ್ತೆ ಮೊದಲ ಸೀರೆ. ಚೆನ್ನಾಗಿ ನಡೆಯಿತು. ಹಿಂದಿನ ಬಾಣಕ್ಕೆ ಒಂದು ಕಳೆದು ಅದೇ ಶೇಷ ತೆಗೆದೆ. ಮೊದಲ ಸೀರೆಯ ಮೇಲೆ ನಿಂತು ಹಿಂದಿನ ಬಾಣ ಒತ್ತಿದರೆ ಪರದೆ ಖಾಲಿ! ಸೀರೆಯೇ ಇಲ್ಲ.

ಸೊನ್ನೆಯಲ್ಲಿ ಒಂದು ಕಳೆದರೆ ಋಣ ಒಂದು. ಅದನ್ನು ಏಳರಿಂದ ಭಾಗಿಸಿದರೆ ಶೇಷ ಎಷ್ಟು? ಎರಡು ರೀತಿ ಹೇಳಬಹುದು. ಏಳು ಸೊನ್ನೆಯಲೇ ಸೊನ್ನೆ, ಶೇಷ ಋಣ ಒಂದು ಅನ್ನಬಹುದು. ಏಳು ಋಣ ಒಂದಲೇ ಋಣ ಏಳು, ಅಲ್ಲಿಂದ ಋಣ ಒಂದಕ್ಕೆ ಬರಲು ಆರು ಬೇಕು, ಶೇಷ ಆರು ಎಂದೂ ಅನ್ನಬಹುದು. ಎರಡೂ ಭಾಗಾಕಾರ ಸರಿ. ವೆಬ್ ಪುಟಗಳಿಗೆ ಬಳಸುವ ಜಾವಾಸ್ಕ್ರಿಪ್ಟ್ ಭಾಷೆ ಮೊದಲನೆಯ ಉತ್ತರ ಕೊಡುತ್ತದೆ, ಸಿ ಮತ್ತು ಜಾವಾ ಕೂಡ ಹಾಗೆಯೇ. ಪೈಥಾನ್ ಭಾಷೆ ಎರಡನೆಯ ಉತ್ತರ ಕೊಡುತ್ತದೆ. ಪಾಳಿಗೆ ಬೇಕಾದದ್ದು ಎರಡನೆಯದು, ಏಕೆಂದರೆ ಸೋಮವಾರದ ಹಿಂದಿನ ದಿನ 'ಋಣ ಒಂದನೆಯ ವಾರ' ಅಲ್ಲ, ಭಾನುವಾರ. ಅದಕ್ಕೆ ಜಾವಾಸ್ಕ್ರಿಪ್ಟಿನಲ್ಲಿ ಶೇಷ ತೆಗೆದು, ಏಳು ಕೂಡಿಸಿ, ಮತ್ತೊಮ್ಮೆ ಶೇಷ ತೆಗೆಯುತ್ತೇವೆ: (ಸಂಖ್ಯೆ % 7 + 7) % 7. ಋಣ ಒಂದಕ್ಕೆ ಏಳು ಕೂಡಿಸಿದರೆ ಆರು. ಕೊನೆಯ ಸೀರೆ ಬಂದು ನಿಂತಿತು. ಇದು ನಗುವ ತಪ್ಪು. ಯಾರಿಗೂ ನೋವಾಗಲಿಲ್ಲ.

ನಾನು ಮಾಡಿದ ಇನ್ನೊಂದು ತಪ್ಪನ್ನು ಹೇಳಲೇಬೇಕು. ಸಾಧಕರ ಸಾಲಿನಲ್ಲಿ ನನ್ನನ್ನೂ ಕೂರಿಸಿದ್ದೀರಿ. ಸಾಧನೆಯನ್ನಷ್ಟೇ ಹೇಳಿ ಹೋದರೆ ಮಕ್ಕಳಿಗೆ ಅರ್ಧ ಪಾಠ ಹೇಳಿದಂತಾಗುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಗೆ ನರ್ಸುಗಳ ರಾತ್ರಿ ಪಾಳಿಯ ಪಟ್ಟಿ ಮಾಡುವ ವೆಬ್ ಪುಟ ಬರೆದುಕೊಟ್ಟೆ. ನರ್ಸುಗಳ ನಾಲ್ಕು ಗುಂಪು. ಒಂದೊಂದು ರಾತ್ರಿ ಒಂದೊಂದು ಗುಂಪು. ನನಗೆ ಕಸಬರಿಗೆಯ ಲೆಕ್ಕ ಗೊತ್ತೇ ಇತ್ತು. ತಾರೀಖನ್ನು ನಾಲ್ಕರಿಂದ ಭಾಗಿಸಿದೆ. ಶೇಷ ಒಂದು ಬಂದರೆ ಒಂದನೆಯ ಗುಂಪು, ಎರಡು ಬಂದರೆ ಎರಡನೆಯದು, ಮೂರು ಬಂದರೆ ಮೂರನೆಯದು, ಸೊನ್ನೆ ಬಂದರೆ ನಾಲ್ಕನೆಯದು. ಐದೇ ನಿಮಿಷದ ಕೆಲಸ. ಫೆಬ್ರುವರಿ ತಿಂಗಳಿಡೀ ಪರೀಕ್ಷೆ ಮಾಡಿದೆವು. ನಾಲ್ಕೂ ಗುಂಪಿಗೆ ಏಳೇಳು ರಾತ್ರಿ. ಬೆರಳಿಡಲು ಒಂದು ತಪ್ಪಿಲ್ಲ. ಮಾರ್ಚ್ ಒಂದರಿಂದ ಜಾರಿಗೆ ಬಂತು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಏನೋ ಸಣ್ಣ ತಿದ್ದುಪಡಿಗೆ ಅಂತ ಆ ಆಸ್ಪತ್ರೆಗೆ ಹೋಗಿದ್ದೆ. ಒಬ್ಬ ಹಿರಿಯ ನರ್ಸ್ ಬಂದು, "ಪಾಳಿ ಪಟ್ಟಿ ಬರೆದವರು ನೀವೇನ್ರಿ?" ಎಂದು ಕೇಳಿದರು. ಮಾತಿನ ಧಾಟಿ ಕೇಳಿ ನಮ್ಮ ಕಡೆಯವರು ಎಂದು ಗೊತ್ತಾಯಿತು. ಕಲಘಟಗಿ ಕಡೆಯವರು. ನಾನು ಈ ಕಡೆಯವನೆಂದು ತಿಳಿದ ಮೇಲೆ 'ತಮ್ಮಾ' ಎಂದು ಕರೆದರು. ಅವರ ಕೈಯಲ್ಲಿ ಗೋಡೆಗೆ ತೂಗುಹಾಕುವ ಕ್ಯಾಲೆಂಡರು ಇತ್ತು. ತಮ್ಮ ಗುಂಪಿನ ರಾತ್ರಿಗಳಿಗೆ ಕೆಂಪು ಶಾಯಿಯಲ್ಲಿ, ನಾಲ್ಕನೆಯ ಗುಂಪಿನ ರಾತ್ರಿಗಳಿಗೆ ನೀಲಿ ಶಾಯಿಯಲ್ಲಿ ಗುರುತು ಹಾಕಿದ್ದರು. "ತಮ್ಮಾ, ಮಾರ್ಚಿನಿಂದ ಆಗಸ್ಟ್ ತನಕ ನಮ್ಮದು 48 ರಾತ್ರಿ ಆಗ್ಯಾವು. ಅವರದು 42. ಎಷ್ಟ್ ಸಲ ಹೇಳಿದ್ರೂ, ಕಂಪ್ಯೂಟರ್ ಮಾಡಿದ್ದು, ಅದರಾಗ ಭೇದ ಭಾವ ಇರೂದಿಲ್ಲ ಅಂತಾರ. ನೀನರ ನೋಡು" ಎಂದರು.

ನನಗೂ ಮೊದಲು ಅನಿಸಿದ್ದು ಅದೇ. ಅವರೇ ಎಣಿಸುವುದರಲ್ಲಿ ತಪ್ಪಿರಬೇಕು ಅಂದುಕೊಂಡೆ. ಅದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಆದರೆ ಗುರುತುಗಳು ಅಷ್ಟು ಅಚ್ಚುಕಟ್ಟಾಗಿದ್ದವು. ಅಲ್ಲೇ ನಿಂತು ಬೆರಳಿನಿಂದ ಎಣಿಸಿದೆ. ಮಾರ್ಚ್ ತಿಂಗಳಲ್ಲಿ ಒಂದನೆಯ ಗುಂಪಿನ ತಾರೀಖುಗಳು 1, 5, 9, 13, 17, 21, 25, 29. ಎಂಟು. ನಾಲ್ಕನೆಯ ಗುಂಪಿನವು 4, 8, 12, 16, 20, 24, 28. ಏಳು. ಅವರ ಮುಂದಿನ ಪಾಳಿ 32ನೆಯ ತಾರೀಖು. ಅಂಥ ತಾರೀಖೇ ಇಲ್ಲ! ತಿಂಗಳು ಮುಗಿದೊಡನೆ ನನ್ನ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಪಾಳಿಯ ಸುತ್ತು ಮುಗಿದಿರಲಿ ಬಿಡಲಿ, ಒಂದನೆಯ ತಾರೀಖು ಎಂದರೆ ಒಂದನೆಯ ಗುಂಪೇ. ಏಪ್ರಿಲ್, ಜೂನಿನಂಥ 30 ದಿನದ ತಿಂಗಳಲ್ಲಿ ಇನ್ನೂ ಕೆಟ್ಟದ್ದು: 29ರ ರಾತ್ರಿ ದುಡಿದ ಗುಂಪೇ ಒಂದೇ ರಾತ್ರಿ ಬಿಟ್ಟು ಒಂದನೆಯ ತಾರೀಖಿಗೆ ಮತ್ತೆ ಬರಬೇಕು. ನ್ಯಾಯವಾಗಿ ನಡುವೆ ಮೂರು ರಾತ್ರಿ ಬಿಡುವು ಇರಬೇಕಿತ್ತು.

ಆರು ತಿಂಗಳಲ್ಲಿ 184 ರಾತ್ರಿ. ಸಮನಾಗಿ ಹಂಚಿದ್ದರೆ ಒಬ್ಬೊಬ್ಬರಿಗೆ 46. ನನ್ನ ಪುಟ ಹಂಚಿದ್ದು 48, 48, 46, 42. ಹಾಗೇ ಬಿಟ್ಟಿದ್ದರೆ ವರ್ಷಕ್ಕೆ 95, 95, 91, 84 ಆಗುತ್ತಿತ್ತು. ಫೆಬ್ರುವರಿಯಲ್ಲಿ ನಮಗೆ ತಪ್ಪು ಯಾಕೆ ಕಾಣಲಿಲ್ಲ? 28 ದಿನ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವ ತಿಂಗಳು ಅದೊಂದೇ. ತಪ್ಪು ಅಡಗಿ ಕೂರಬಲ್ಲ ಒಂದೇ ತಿಂಗಳನ್ನು ಆರಿಸಿ ನಾವು ಪರೀಕ್ಷೆ ಮಾಡಿದ್ದೆವು.

ನಾನು ಅವರಿಗೆ, "ಅಕ್ಕಾರ, ತಪ್ಪು ಕಂಪ್ಯೂಟರಿಂದಲ್ಲ, ನಂದು" ಎಂದೆ. ಅವರು ಸಿಟ್ಟು ಮಾಡಲಿಲ್ಲ. ಜೂನ್ 29ರ ಮತ್ತು ಜುಲೈ 1ರ ಕೆಂಪು ಗುರುತುಗಳನ್ನು ತೋರಿಸಿ, "ಈ ರಾತ್ರಿ ಮಗಳಿಗೆ ಜ್ವರ ಇತ್ತು. ಪಾಳಿ ಬದಲಿ ಕೇಳಿದೆ, ಪಟ್ಟಿ ಪ್ರಕಾರ ನಿಮ್ಮದೇ ಅಂದ್ರು" ಎಂದಷ್ಟೇ ಹೇಳಿದರು. ಆ ರಾತ್ರಿ ಅವರದ್ದಾಗಿರಲಿಲ್ಲ. ಮಾರ್ಚ್ ಒಂದರಿಂದ ಬಿಡದೆ ಎಣಿಸಿದರೆ ಜುಲೈ 1 ಎಂದರೆ 123ನೆಯ ದಿನ. ನಾಲ್ಕರಿಂದ ಭಾಗಿಸಿದರೆ ಶೇಷ ಮೂರು. ಅದು ಮೂರನೆಯ ಗುಂಪಿನ ರಾತ್ರಿ. ತಿದ್ದಿದ ಲೆಕ್ಕವನ್ನು ಹೇಳಿ ಮುಗಿಸಬಹುದು, ಕಳೆದ ರಾತ್ರಿಯನ್ನು ತಿರುಗಿ ಕೊಡಲು ಬರುವುದಿಲ್ಲ. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ನನಗೆ ಊಟ ನಿದ್ದೆ ಬೇಡವಾಗಿತ್ತು.

ತಿದ್ದುವುದು ಕಷ್ಟವಿರಲಿಲ್ಲ. ತಿಂಗಳ ತಾರೀಖಿನ ಬದಲು ಒಂದು ಗೊತ್ತಾದ ದಿನದಿಂದ ಎಡೆಬಿಡದೆ ಎಣಿಸಿಕೊಂಡು ಬರಬೇಕು. ಕಂಪ್ಯೂಟರುಗಳಲ್ಲಿ 1970ರ ಜನವರಿ 1ರಿಂದ ಎಣಿಸುವ ರೂಢಿ ಇದೆ. ಆ ದಿನದ ಎಣಿಕೆಯನ್ನು ನಾಲ್ಕರಿಂದ ಭಾಗಿಸಿದರೆ ತಿಂಗಳಿಗೆ 28 ದಿನ ಇರಲಿ 31 ಇರಲಿ ಪಾಳಿ ತಪ್ಪುವುದಿಲ್ಲ. ಅಲ್ಲೂ ಒಂದು ಎಡವಟ್ಟು ಕಾದಿತ್ತು. ಆ ಎಣಿಕೆ ಗ್ರೀನ್‌ವಿಚ್ ಸಮಯದ್ದು. ನಾವು ಅದಕ್ಕಿಂತ ಐದೂವರೆ ತಾಸು ಮುಂದೆ. ಅಲ್ಲಿ ನಡುರಾತ್ರಿ ದಿನ ಬದಲಾದಾಗ ನಮ್ಮಲ್ಲಿ ಬೆಳಗಿನ ಐದೂವರೆ. ಹಾಗೇ ಬಿಟ್ಟಿದ್ದರೆ ನರ್ಸುಗಳು ಇನ್ನೂ ಕೆಲಸದಲ್ಲಿರುವಾಗಲೇ ಬೆಳಗಿನ ಜಾವ ಪರದೆಯ ಮೇಲೆ ಗುಂಪು ಬದಲಾಗುತ್ತಿತ್ತು. ಈ ಸಲ ಹನ್ನೆರಡೂ ತಿಂಗಳ ಪಟ್ಟಿಯನ್ನು ತೆಗೆದು ನೋಡಿದೆ, ಬೆಳಗಿನ ನಾಲ್ಕಕ್ಕೆ ಎದ್ದು ಪರದೆಯನ್ನೂ ನೋಡಿದೆ. ತಪ್ಪು ಹೊರಗೆ ಹೋಗುವ ಮೊದಲೇ ಸಿಕ್ಕಿತು. ಕೊಡುವ ಮುಂಚೆ ಆ ಅಕ್ಕನವರಿಗೇ ಮೊದಲು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೂರು ತಿಂಗಳ ಪಟ್ಟಿಯನ್ನು ಕ್ಯಾಲೆಂಡರಿನ ಮೇಲೆ ಎಣಿಸಿ, "ಈಗ ಬರೋಬ್ಬರಿ ಐತಿ ನೋಡು" ಎಂದರು. ನಾನು ಪಡೆದ ಯಾವ ಪ್ರಮಾಣಪತ್ರಕ್ಕಿಂತಲೂ ಅದು ದೊಡ್ಡದು.

ಪಾಳಿ ಎಂಬ ಮಾತಿಗೆ ನಮ್ಮ ಊರುಗಳಲ್ಲಿ ಎಷ್ಟು ತೂಕವಿದೆ ಎಂದು ನಿಮಗೆ ಹೇಳಬೇಕಿಲ್ಲ. ಕಾಲುವೆ ನೀರಿನ ಪಾಳಿ, ನಳದ ಮುಂದೆ ಕೊಡದ ಪಾಳಿ, ಗುಡಿಯ ಪೂಜೆಯ ಪಾಳಿ, ಅಣ್ಣ ತಮ್ಮಂದಿರು ಬೇರೆಯಾದ ಮೇಲೆ ತಾಯಿಯನ್ನು ನೋಡಿಕೊಳ್ಳುವ ಪಾಳಿ. ಪಾಳಿ ತಪ್ಪಿದರೆ ಲೆಕ್ಕ ಕೆಡುವುದಷ್ಟೇ ಅಲ್ಲ, ಮನಸ್ಸು ಕೆಡುತ್ತದೆ. ಹಿಂದೆ ಪಾಳಿ ಹಾಕುವವರು ಎದುರಿಗೆ ಇರುತ್ತಿದ್ದರು, ಕೇಳಬಹುದಿತ್ತು, ಜಗಳವಾಡಬಹುದಿತ್ತು. ಈಗ ಆ ಕೆಲಸ ಕಂಪ್ಯೂಟರಿಗೆ ಹೋಗಿದೆ. ಆದರೆ ಕಂಪ್ಯೂಟರಿಗೆ ಹೇಳಿಕೊಟ್ಟವನು ನನ್ನಂಥ ಒಬ್ಬ ಮನುಷ್ಯ. ಅವನು ಫೆಬ್ರುವರಿಯನ್ನಷ್ಟೇ ನೋಡಿರಬಹುದು. ಆದ್ದರಿಂದ ಊರಿನ ಹಿರಿಯರಿಗೆ ನನ್ನ ವಿನಂತಿ: ಪಟ್ಟಿಯಲ್ಲಿ ಹೀಗೆ ಬಂದಿದೆ ಎಂದು ಯಾರಾದರೂ ಹೇಳಿದರೆ, ಅನುಮಾನ ಬಂದಾಗ ಸುಮ್ಮನಾಗಬೇಡಿ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎಣಿಸಿ. ಎಣಿಸಿದವರ ಮುಂದೆ ಯಾವ ಕಂಪ್ಯೂಟರೂ ಬಾಯಿ ಬಿಡುವುದಿಲ್ಲ.

ಮಕ್ಕಳೆ, ನಿಮಗೆ ಹೇಳುವುದು ಎರಡೇ ಮಾತು. ಭಾಗಾಕಾರ ಮಾಡುವಾಗ ನಮ್ಮ ಗುರುಗಳು, "ಶೇಷ ಬರೀಲಿಲ್ಲ ಅಂದ್ರ ಲೆಕ್ಕ ಮುಗೀಲಿಲ್ಲ" ಎನ್ನುತ್ತಿದ್ದರು. ಭಾಗಲಬ್ಧ ದೊಡ್ಡದಾಗಿ ಕಾಣುತ್ತದೆ, ಶೇಷ ಮೂಲೆಯಲ್ಲಿ ಸಣ್ಣಗೆ ಕುಳಿತಿರುತ್ತದೆ. ಆ ಮೂಲೆಯನ್ನು ನೋಡುವ ಅಭ್ಯಾಸ ಬಿಡಬೇಡಿ. ಹಂಚುವಾಗ ಯಾರಿಗೆ ಕಡಿಮೆ ಬಂತು, ಯಾರಿಗೆ ಹೆಚ್ಚಾಯಿತು ಎಂದು ಹೇಳುವುದು ಅದೇ. ಎರಡನೆಯ ಮಾತು, ತಪ್ಪು ನಿಮ್ಮದಾದಾಗ ನನ್ನದು ಎಂದು ಹೇಳಲು ಕಲಿಯಿರಿ. ಅದಕ್ಕೆ ಬಿ.ಇ. ಬೇಕಾಗುವುದಿಲ್ಲ.

ಹೋಗುವ ಮುಂಚೆ ನಿಮಗೆ ಒಂದು ಮನೆಪಾಠ ಕೊಡುತ್ತೇನೆ. ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ಕೇಳಿ, ಈ ಶಾಲೆಗೆ ಮೊದಲ ವಿದ್ಯಾರ್ಥಿ ಸೇರಿದ ತಾರೀಖು ನೋಡಿರಿ. ಅಲ್ಲಿಂದ ಐವತ್ತು ವರ್ಷ ತುಂಬುವ ತಾರೀಖಿನವರೆಗೆ ಎಷ್ಟು ಸಲ ಫೆಬ್ರುವರಿ 29 ಬಂದಿದೆ ಎಂದು ಎಣಿಸಿರಿ. ಹನ್ನೆರಡು ಬರಬಹುದು, ಇಲ್ಲವೆ ಹದಿಮೂರು. ಹದಿಮೂರು ಬಂದರೆ ಐವತ್ತಕ್ಕೆ ಕೂಡಿಸಿ 63, ಶೇಷ ಸೊನ್ನೆ, ಎರಡೂ ದಿನ ಒಂದೇ ವಾರ. ಹನ್ನೆರಡು ಬಂದರೆ 62, ಶೇಷ ಆರು. ಆಗ ಯಾವ ವಾರ ಬರುತ್ತದೆ ಎಂದು ನೀವೇ ಹೇಳಬೇಕು. ಉತ್ತರವನ್ನು ನಮ್ಮ ಗುರುಗಳ ಕೈಗೆ ಕೊಡಿ. ನಿವೃತ್ತರಾಗಿದ್ದಾರೆ, ಆದರೆ ಶೇಷ ಬರೆಯದಿದ್ದರೆ ಈಗಲೂ ಅಂಕ ಕಡಿಮೆ ಮಾಡುತ್ತಾರೆ.

ಐವತ್ತು ವರ್ಷ ಎಂದರೆ ಸುವರ್ಣ ಮಹೋತ್ಸವ. ಸಂವತ್ಸರದ ಲೆಕ್ಕದಲ್ಲಿ ಸುತ್ತು ಇನ್ನೂ ಪೂರಾ ಆಗಿಲ್ಲ. ಈ ಶಾಲೆ ಹುಟ್ಟಿದ ಸಂವತ್ಸರ ತಿರುಗಿ ಬರಲು ಇನ್ನೂ ಹತ್ತು ವರ್ಷ ಬೇಕು. ಈಗ ಎಂಟನೆಯ ತರಗತಿಯಲ್ಲಿರುವ ನೀವು ಆಗ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹರೆಯದವರು. ಆ ವರ್ಷ ಈ ವೇದಿಕೆಯ ಮೇಲೆ ನಿಂತು ಮಾತಾಡುವುದು ನಿಮ್ಮ ಪಾಳಿ. ನಾನು ಅಲ್ಲಿ, ನೀವು ಈಗ ಕುಳಿತಿರುವ ಜಾಗದಲ್ಲಿ, ನೆಲದ ಮೇಲೆ ಕುಳಿತು ಕೇಳುತ್ತೇನೆ.